ಹುಲ್ಲಿನ ನದಿಯ ಕೆಳಗೆ

‘ಪಳೆಯುಳಿಕೆ’ ಎಂಬ ಮಾತನ್ನು ನೀವೆಲ್ಲರೂ ಕೇಳಿರುತ್ತೀರಿ. ವಿಜ್ಞಾನವನ್ನು ಕನ್ನಡದಲ್ಲಿ ಬರೆಯಹೊರಟವರು ಕಟ್ಟಿದ ಮಾತು ಅದು. ಹಳೆಯದರ ಉಳಿಕೆ ಎಂದು ಅದರ ಅರ್ಥ. ಆದರೆ ಅವರು ‘ಹಳೆಯುಳಿಕೆ’ ಎನ್ನದೆ ‘ಪಳೆಯುಳಿಕೆ’ ಎಂದರು. ಹಳಗನ್ನಡದಲ್ಲಿ ಈ ‘ಹಳೆಯ’ ಎಂಬುದು ‘ಪೞೆಯ’ ಎಂದಿತ್ತು. ಪಾಲು ಹಾಲಾಯಿತು, ಪೂವು ಹೂವಾಯಿತು, ಪುಲಿ ಹುಲಿಯಾಯಿತು. ಹಾಗೆಯೇ ಪೞೆಯದು ಹಳೆಯದಾಯಿತು. ಪಳೆಯುಳಿಕೆ ಎಂಬ ಪದದಲ್ಲಿ ಮೊದಲಿನ ಪಕಾರ ಹಾಗೆಯೇ ನಿಂತಿದೆ; ನಡುವಣ ‘ೞ’ ಮಾತ್ರ ಕರಗಿಹೋಗಿ ಅದರ ಜಾಗದಲ್ಲಿ ಳಕಾರ ಬಂದು ಕುಳಿತಿದೆ. ಸ್ವಾರಸ್ಯವೇನೆಂದರೆ, ಭೂಗರ್ಭದಲ್ಲಿ ನಡೆಯುವ ಕೆಲಸವೂ ಇಂಥದೇ. ಸತ್ತ ಪ್ರಾಣಿಯ ಮೂಳೆಯೋ ಚಿಪ್ಪೋ ಕೆಸರಿನಲ್ಲಿ ಹೂತುಹೋಗುತ್ತದೆ; ಅದರೊಳಗಿನ ದ್ರವ್ಯ ಕಣಕಣವಾಗಿ ಕರಗಿ, ಆ ಜಾಗವನ್ನು ನೀರಿನಲ್ಲಿ ಬೆರೆತು ಬಂದ ಖನಿಜ ತುಂಬುತ್ತದೆ. ಆಕಾರ ಉಳಿಯುತ್ತದೆ, ಒಡಲು ಬೇರೆಯಾಗುತ್ತದೆ. ನಮ್ಮ ದೇವರ ಪೆಟ್ಟಿಗೆಯಲ್ಲಿರುವ ಸಾಲಿಗ್ರಾಮದ ಚಕ್ರವೂ ಒಂದು ಕಾಲಕ್ಕೆ ಸಮುದ್ರದಲ್ಲಿ ಬಾಳಿದ ಅಮೊನೈಟ್ ಎಂಬ ಜೀವಿಯ ಚಿಪ್ಪಿನ ಗುರುತೇ.

ಇಂಥ ಉಳಿಕೆಗಳ ಮೇಲೆಯೇ ನಿಂತಿರುವ, ಅಷ್ಟೇಕೆ, ಇಂಥ ಉಳಿಕೆಗಳಿಂದಲೇ ಆಗಿರುವ ಒಂದು ನಾಡಿನ ಕಥೆಯನ್ನು ಈ ಹೊತ್ತು ಹೇಳಬೇಕೆಂದಿದ್ದೇನೆ. ಅಮೆರಿಕ ಸಂಯುಕ್ತ ಸಂಸ್ಥಾನದ ಆಗ್ನೇಯ ಮೂಲೆಯಿಂದ ಹೆಬ್ಬೆರಳಿನಂತೆ ಕಡಲಿಗೆ ಚಾಚಿಕೊಂಡಿರುವ ಪರ್ಯಾಯ ದ್ವೀಪವೇ ಫ್ಲಾರಿಡಾ. ಅದರ ದಕ್ಷಿಣ ತುದಿಯಲ್ಲಿ ಎವರ್‌ಗ್ಲೇಡ್ಸ್ ಎಂಬ ವಿಶಾಲವಾದ ಜೌಗು ಪ್ರದೇಶವಿದೆ. ಉಷ್ಣವಲಯದ ಹೊಸ್ತಿಲಲ್ಲಿರುವ ನಾಡು. ವರ್ಷಕ್ಕೆ 50ರಿಂದ 60 ಅಂಗುಲದವರೆಗೆ ಮಳೆ. ನಮ್ಮಲ್ಲಿಯಂತೆಯೇ ಅಲ್ಲಿಯೂ ಮಳೆಗಾಲವೊಂದು, ಒಣಗಾಲವೊಂದು. ಮೇ ತಿಂಗಳಿನಿಂದ ಅಕ್ಟೋಬರಿನವರೆಗೆ ಮಳೆ.

ಈ ಪ್ರದೇಶದ ಉತ್ತರಕ್ಕೆ ಓಕಿಚೋಬಿ ಎಂಬ ಸರೋವರವಿದೆ. ಆ ನಾಡಿನ ಮೂಲನಿವಾಸಿಗಳ ಮಾತಿನಲ್ಲಿ ಹಾಗೆಂದರೆ ‘ದೊಡ್ಡ ನೀರು’. ಸುಮಾರು 730 ಚದರ ಮೈಲಿಯ ವಿಸ್ತಾರ. ಆಳ ಮಾತ್ರ ಸರಾಸರಿ ಒಂಬತ್ತು ಅಡಿ, ನಮ್ಮ ಒಂದು ಸಾಮಾನ್ಯ ಕೆರೆಯಷ್ಟು. ಹಿಂದೆ ಮಳೆಗಾಲದಲ್ಲಿ ಈ ಸರೋವರ ತುಂಬಿ ದಕ್ಷಿಣದ ಅಂಚಿನ ಮೇಲೆ ಹರಿಯುತ್ತಿತ್ತು. ಹರಿಯಿತು ಎಂದರೆ ದಂಡೆಗಳ ನಡುವೆ ಹರಿಯುವ ಹೊಳೆ ಎಂದು ತಿಳಿಯಬಾರದು. ಅಲ್ಲಿಯ ನೆಲದ ಇಳಿಜಾರು ಮೈಲಿಗೆ ಎರಡೇ ಅಂಗುಲ. ಐವತ್ತು, ಅರವತ್ತು ಮೈಲಿ ಅಗಲದ ನೀರಿನ ಹಾಳೆಯೊಂದು ಮೊಣಕಾಲುದ್ದದ ಆಳದಲ್ಲಿ, ಚಲಿಸುತ್ತಿದೆಯೋ ನಿಂತಿದೆಯೋ ತಿಳಿಯದ ಹಾಗೆ, ನೂರು ಮೈಲಿ ಸಾಗಿ ಕಡಲನ್ನು ಸೇರುತ್ತಿತ್ತು. ಅದರ ಮೇಲೆಲ್ಲ ಗರಗಸದ ಅಂಚಿನ ಹುಲ್ಲು. ಹುಲ್ಲೆಂದು ಕರೆದರೂ ಅದು ನಮ್ಮ ಗದ್ದೆಗಳಲ್ಲಿ ಬೆಳೆಯುವ ಜೇಕು, ತುಂಗೆಗಳ ಕುಲಕ್ಕೆ ಸೇರಿದ್ದು. ಅಲ್ಲಿಯ ಸೆಮಿನೋಲ್ ಜನ ಈ ಪ್ರದೇಶವನ್ನು ‘ಪಾಹಾಯೋಕಿ’, ಎಂದರೆ ‘ಹುಲ್ಲಿನ ನೀರು’ ಎಂದು ಕರೆದರು. 1947ರಲ್ಲಿ ಮಾರ್ಜರಿ ಸ್ಟೋನ್‌ಮನ್ ಡಗ್ಲಾಸ್ ಎಂಬ ಲೇಖಕಿ ಬರೆದ ಪುಸ್ತಕದಿಂದ ಇದಕ್ಕೆ ‘ಹುಲ್ಲಿನ ನದಿ’ ಎಂಬ ಹೆಸರು ಲೋಕಪ್ರಸಿದ್ಧವಾಯಿತು. ಅದೇ ವರ್ಷ ಡಿಸೆಂಬರಿನಲ್ಲಿ ಅಲ್ಲಿ ರಾಷ್ಟ್ರೀಯ ಉದ್ಯಾನವೂ ಆರಂಭವಾಯಿತು. ಮೊಸಳೆ ಮತ್ತು ಅದರ ದಾಯಾದಿಯಾದ ಅಲಿಗೇಟರ್ ಎರಡೂ ಒಟ್ಟಿಗೆ ಸಹಜವಾಗಿ ಬಾಳುವ ಸ್ಥಳ ಪ್ರಪಂಚದಲ್ಲಿ ಇದೊಂದೇ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ನೆಲ ಸಪಾಟಾಗಿದೆ; ಎರಡು ಕಡೆಯೂ ಸಮುದ್ರವಿದೆ; ಕೆಳಗಿರುವುದು ಜಾಲರಿಯಂತೆ ತೂತು ಬಿದ್ದ ಸುಣ್ಣಕಲ್ಲು. ಅಂಥ ಕಡೆ ಸಿಹಿನೀರು ಹರಿದುಹೋಗದೆ ತಿಂಗಳುಗಟ್ಟಲೆ ನಿಂತದ್ದು ಹೇಗೆ? ಉತ್ತರ ಬೇಕಾದರೆ ಹುಲ್ಲನ್ನು ಸರಿಸಿ ಕೆಳಗಿನ ಕಲ್ಲನ್ನು ನೋಡಬೇಕು. ಕಲ್ಲನ್ನು ನೋಡಬೇಕಾದರೆ ಬಹಳ ಹಿಂದಕ್ಕೆ ಹೋಗಬೇಕು.

ನಮ್ಮ ಕರ್ನಾಟಕದ ಬಂಡೆಗಳು ಪ್ರಪಂಚದ ಅತಿ ಹಳೆಯ ಬಂಡೆಗಳ ಸಾಲಿಗೆ ಸೇರಿದವು. ಬೆಂಗಳೂರಿನ ಲಾಲ್‌ಬಾಗಿನ ಗುಡ್ಡದ ಕಲ್ಲಿಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಅದರ ಮುಂದೆ ಫ್ಲಾರಿಡಾ ನಿನ್ನೆ ಮೊನ್ನೆಯ ಕೂಸು. ಆದರೂ ಆ ಕೂಸಿಗೂ ನಮಗೂ ಒಂದು ಹಳೆಯ ನಂಟಿದೆ. ಉತ್ತರ ಫ್ಲಾರಿಡಾದಲ್ಲಿ ಬಹಳ ಆಳಕ್ಕೆ ಬಾವಿ ಕೊರೆದಾಗ ಸುಣ್ಣಕಲ್ಲಿನ ಪದರಗಳೆಲ್ಲ ಮುಗಿದ ಮೇಲೆ ಬೇರೊಂದು ಜಾತಿಯ ಹಳೆಯ ಶಿಲೆ ಸಿಕ್ಕಿತು. ಅದರೊಳಗಿನ ಪಳೆಯುಳಿಕೆಗಳು ಅಮೆರಿಕದವುಗಳನ್ನು ಹೋಲದೆ ಆಫ್ರಿಕದವುಗಳನ್ನು ಹೋಲುತ್ತಿದ್ದವು. ಫ್ಲಾರಿಡಾದ ತಳಪಾಯ ಒಂದು ಕಾಲಕ್ಕೆ ಆಫ್ರಿಕದ ಅಂಚಾಗಿತ್ತೆಂದು ಇದರಿಂದ ತಿಳಿಯಿತು. ಆಗ ಆಫ್ರಿಕ, ದಕ್ಷಿಣ ಅಮೆರಿಕ, ಆಸ್ಟ್ರೇಲಿಯ, ನಮ್ಮ ಭಾರತ ಎಲ್ಲವೂ ಕೂಡಿಕೊಂಡು ಒಂದೇ ಮಹಾಖಂಡವಾಗಿದ್ದವು. ನಮ್ಮ ಮಧ್ಯಭಾರತದ ಗೊಂಡರ ನಾಡಿನ ಹೆಸರನ್ನೇ ತೆಗೆದುಕೊಂಡು ಆಸ್ಟ್ರಿಯದ ಭೂವಿಜ್ಞಾನಿ ಸ್ಯೂಸ್ ಅದನ್ನು ಗೊಂಡ್ವಾನ ಭೂಮಿ ಎಂದು ಕರೆದನು. ಸುಮಾರು 30 ಕೋಟಿ ವರ್ಷಗಳ ಹಿಂದೆ ಈ ಮಹಾಖಂಡ ಉತ್ತರ ಅಮೆರಿಕಕ್ಕೆ ಬಂದು ತಾಗಿತು. ಮತ್ತೆ ಹತ್ತು ಕೋಟಿ ವರ್ಷಗಳ ಮೇಲೆ ಬೇರೆಯಾಗಿ ಹೊರಟಾಗ ಆಫ್ರಿಕದ ಒಂದು ಚೂರು ಅತ್ತಲೇ ಅಂಟಿಕೊಂಡು ಉಳಿಯಿತು. ತವರಿಗೆ ಹಿಂತಿರುಗದ ಆ ಚೂರಿನ ಮೇಲೆ ಫ್ಲಾರಿಡಾ ಬೆಳೆಯಿತು.

ಬೆಳೆದದ್ದು ನೀರಿನೊಳಗೆ. ಕೋಟ್ಯಂತರ ವರ್ಷ ಅದು ಬೆಚ್ಚಗಿನ, ತಿಳಿಯಾದ, ಆಳವಿಲ್ಲದ ಸಮುದ್ರದ ತಳವಾಗಿತ್ತು. ಆ ಕಡಲಿನಲ್ಲಿ ಬದುಕಿದ ಅಸಂಖ್ಯ ಸಣ್ಣ ಜೀವಿಗಳ ಸುಣ್ಣದ ಚಿಪ್ಪುಗಳು ಒಂದರ ಮೇಲೊಂದು ಬಿದ್ದು ಕಲ್ಲಾದವು. ನಮ್ಮ ಕರಾವಳಿಯಲ್ಲಿ ಚಿಪ್ಪನ್ನು ಸುಟ್ಟು ಸುಣ್ಣ ಮಾಡುವುದನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಚಿಪ್ಪು ಸುಣ್ಣವೇ, ಸುಣ್ಣಕಲ್ಲು ಚಿಪ್ಪೇ. ಈ ಪದರಗಳ ದಪ್ಪವನ್ನು ಊಹಿಸಲು ಒಂದು ಸಂಗತಿ ಸಾಕು. 1943ರಲ್ಲಿ ಎವರ್‌ಗ್ಲೇಡ್ಸಿನ ಪಶ್ಚಿಮದ ಸನಿಲ್ಯಾಂಡ್ ಎಂಬಲ್ಲಿ ಫ್ಲಾರಿಡಾದ ಮೊದಲ ಎಣ್ಣೆಬಾವಿ ಫಲ ಕೊಟ್ಟಿತು. ಎಣ್ಣೆ ಸಿಕ್ಕಿದ್ದು ಸುಮಾರು 11,600 ಅಡಿ ಆಳದ ಸುಣ್ಣಕಲ್ಲಿನಲ್ಲಿ. ಡೈನೋಸಾರ್‌ಗಳು ಬೇರೆ ಕಡೆ ನೆಲವನ್ನು ಆಳುತ್ತಿದ್ದ ಕಾಲದಲ್ಲಿ ಹಾಸಿದ ಪದರ ಅದು. ಫ್ಲಾರಿಡಾದಲ್ಲಿ ಡೈನೋಸಾರ್ ಮೂಳೆಗಳು ಏಕೆ ಸಿಗುವುದಿಲ್ಲ ಎಂದು ಮಕ್ಕಳು ಕೇಳಿದರೆ ಉತ್ತರ ಸುಲಭ: ಆಗ ಅಲ್ಲಿ ಕಾಲಿಡಲು ನೆಲವಿರಲಿಲ್ಲ. ಆ ರಾಜ್ಯದಲ್ಲಿ ಇಂದು ನೆಲದ ಮೇಲೆ ಕಣ್ಣಿಗೆ ಕಾಣುವ ಅತ್ಯಂತ ಹಳೆಯ ಕಲ್ಲಿಗೆ ನಾಲ್ಕು ಕೋಟಿ ವರ್ಷದ ಮೇಲೆ ವಯಸ್ಸು. ಅದನ್ನು ಸೀಳಿದರೆ ಸಮುದ್ರದ ಹುಲ್ಲಿನ ಎಲೆಗಳ ಅಚ್ಚು ಪುಸ್ತಕದ ಹಾಳೆಗಳ ನಡುವೆ ಒತ್ತಿಟ್ಟಂತೆ ಕಾಣುತ್ತದೆ.

ದಕ್ಷಿಣ ಫ್ಲಾರಿಡಾ ಹೇಗೆ ಹುಟ್ಟಿತು ಎಂಬ ವಿಷಯದಲ್ಲಿ ವಿದ್ವಾಂಸರಿಗೆ ಒಮ್ಮತ ಬರಲು ಬಹಳ ಕಾಲ ಹಿಡಿಯಿತು. 1851ರಲ್ಲಿ ಲೂಯಿ ಅಗಾಸಿ ಎಂಬ ಹೆಸರಾಂತ ವಿಜ್ಞಾನಿ ಅಲ್ಲಿಯ ಹವಳದ ದಿಬ್ಬಗಳನ್ನು ಪರೀಕ್ಷಿಸಿದನು. ದಕ್ಷಿಣದ ಕಡಲಿನಲ್ಲಿ ಹವಳದ ದಿಬ್ಬಗಳು ಕಮಾನಿನಂತೆ ಸಾಲುಗಟ್ಟಿರುವುದನ್ನು ಕಂಡು, ನೆಲವೂ ಹೀಗೆಯೇ ಒಂದರ ಮುಂದೊಂದು ಹವಳದ ಗೋಡೆ ಎದ್ದು, ನಡುವಣ ಜಾಗ ಕೆಸರಿನಿಂದ ತುಂಬಿ ಬೆಳೆದಿರಬೇಕೆಂದು ತೀರ್ಮಾನಿಸಿದನು. ದೊಡ್ಡವರ ಮಾತು, ಜನ ಒಪ್ಪಿದರು. 1886ರಲ್ಲಿ ಆಂಜೆಲೊ ಹೈಲ್‌ಪ್ರಿನ್ ಎಂಬ ಇನ್ನೊಬ್ಬ ವಿದ್ವಾಂಸನು ಪಶ್ಚಿಮ ಕರಾವಳಿಯಿಂದ ಕಲೂಸಹಾಚಿ ಎಂಬ ನದಿಯಲ್ಲಿ ದೋಣಿಯೇರಿ ಓಕಿಚೋಬಿಯವರೆಗೆ ಹೋದನು. ಅಗಾಸಿಯ ಮಾತು ನಿಜವಾಗಿದ್ದರೆ ನದಿಯ ದಡದಲ್ಲಿ ಹವಳದ ಗೋಡೆಗಳು ಕಾಣಬೇಕಾಗಿತ್ತು. ಅವನಿಗೆ ಕಂಡದ್ದು ಶಂಖ, ಕಪ್ಪೆಚಿಪ್ಪು, ಕವಡೆಗಳ ರಾಶಿ. ದಡದ ಮಣ್ಣು ಎಂಬುದೇ ಚಿಪ್ಪಿನ ರಾಶಿಯಾಗಿತ್ತು. ಅಲ್ಲಿ ಸಿಕ್ಕ ಒಂದು ಕವಡೆಯ ಒಂದು ತುದಿಯಲ್ಲಿ ಅಲ್ಪವಿರಾಮದ ಚಿಹ್ನೆಯಂತೆ ಬಳುಕಿದ ಒಂದು ಸೀಳು ಇತ್ತು. ಅಂಥ ಕವಡೆಯನ್ನು ಯಾರೂ ಕಂಡಿರಲಿಲ್ಲ. ಹೈಲ್‌ಪ್ರಿನ್ ಅದಕ್ಕೆ ಇಟ್ಟ ಶಾಸ್ತ್ರೀಯ ನಾಮದಲ್ಲಿ ‘ಪ್ರಾಬ್ಲಮ್ಯಾಟಿಕ’, ಎಂದರೆ ‘ಸಮಸ್ಯೆಯದು’ ಎಂಬ ವಿಶೇಷಣವನ್ನೇ ಸೇರಿಸಿದನು. ಸಮಸ್ಯೆಯನ್ನು ಸಮಸ್ಯೆಯೆಂದೇ ಬರೆದಿಟ್ಟ ಆ ಪ್ರಾಮಾಣಿಕತೆ ಮೆಚ್ಚತಕ್ಕದ್ದು. ಹವಳದ ಸಿದ್ಧಾಂತ ಅಲ್ಲಿಗೆ ಸಡಿಲವಾಯಿತು. ದೊಡ್ಡ ಹೆಸರಿಗಿಂತ ನದಿಯ ದಡದ ಒಂದು ಕವಡೆ ಹೆಚ್ಚಿನ ಪ್ರಮಾಣವಾಯಿತು.

ಉತ್ತರದ ಕಥೆ ಬೇರೆ. ಬಹಳ ಕಾಲ ಫ್ಲಾರಿಡಾಕ್ಕೂ ಮುಖ್ಯ ಭೂಭಾಗಕ್ಕೂ ನಡುವೆ ಒಂದು ಕಡಲಿನ ಕಾಲುವೆ ಇದ್ದು, ಅದರ ಸೆಳವು ಮಣ್ಣು ಮರಳುಗಳನ್ನು ಈಚೆ ಬರಲು ಬಿಡದೆ ಒಯ್ಯುತ್ತಿತ್ತು. ಮುಂದೆ ಅಪಲಾಚಿಯನ್ ಪರ್ವತಗಳು ಸವೆದು ಬಂದ ಮರಳಿನಿಂದ ಆ ಕಾಲುವೆ ತುಂಬಿತು. ಮರಳು ದಕ್ಷಿಣಕ್ಕೂ ಹರಡಿತು. ಸುಮಾರು ಮೂರು ಕೋಟಿ ವರ್ಷಗಳ ಹಿಂದೆ ಉತ್ತರ ಭಾಗ ನೀರಿನಿಂದ ಮೇಲೆದ್ದು ನೆಲದ ಪ್ರಾಣಿಗಳು ಬಂದವು. ಸುತ್ತಣ ಕಡಲಿನಲ್ಲಿ ಕಡಲಹಸುಗಳು ಮೇಯುತ್ತಿದ್ದವು, ಮೆಗಲೊಡಾನ್ ಎಂಬ ಭಾರಿ ಶಾರ್ಕ್ ಮೀನು ಬೇಟೆಯಾಡುತ್ತಿತ್ತು. ಗೊಬ್ಬರಕ್ಕಾಗಿ ಫಾಸ್ಫೇಟ್ ಅಗೆಯುವ ಮಧ್ಯ ಫ್ಲಾರಿಡಾದ ಗಣಿಗಳಲ್ಲಿ ಅದರ ಹಲ್ಲುಗಳು ಇಂದಿಗೂ ಸಿಗುತ್ತವೆ. ಒಂದೊಂದು ಹಲ್ಲು ಅಂಗೈ ತುಂಬುವಷ್ಟು ದೊಡ್ಡದು. ಸುಮಾರು 30 ಲಕ್ಷ ವರ್ಷಗಳ ಹಿಂದೆ ಪನಾಮಾ ಭೂಸಂಧಿ ಎದ್ದು ಎರಡು ಅಮೆರಿಕಗಳೂ ಕೂಡಿದಾಗ ದಕ್ಷಿಣದಿಂದ ಆನೆಯ ಗಾತ್ರದ ನೆಲದ ಸ್ಲಾತ್ ಪ್ರಾಣಿಗಳೂ, ಆಮೆಯಂತೆ ಚಿಪ್ಪು ಹೊತ್ತ ಗ್ಲಿಪ್ಟೊಡಾಂಟ್‌ಗಳೂ ಬಂದವು. ಹಾರಲಾರದ, ಮಾಂಸ ತಿನ್ನುವ ಒಂದು ದೈತ್ಯ ಪಕ್ಷಿಯೂ ದಕ್ಷಿಣದಿಂದ ಬಂದಿತ್ತು. ಉತ್ತರ ಫ್ಲಾರಿಡಾದ ಒಂದು ನದಿಯ ತಳದಲ್ಲಿ ಅದರ ಮೂಳೆ ಸಿಕ್ಕಿ, 1963ರಲ್ಲಿ ಪಿಯರ್ಸ್ ಬ್ರಾಡ್ಕಾರ್ಬ್ ಎಂಬ ವಿದ್ವಾಂಸನು ಅದಕ್ಕೆ ಟೈಟಾನಿಸ್ ಎಂಬ ಹೆಸರಿಟ್ಟನು.

ಇನ್ನು ನಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಭೂಮಿಯ ಇತ್ತೀಚಿನ ಚರಿತ್ರೆಯಲ್ಲಿ ಹಿಮಯುಗಗಳು ಬಂದು ಹೋಗಿವೆ. ಹಿಮ ಬೆಳೆದಾಗ ಕಡಲು ಇಳಿಯುತ್ತದೆ. ಹಿಮ ಕರಗಿದಾಗ ಕಡಲು ಏರುತ್ತದೆ. ಸುಮಾರು 1 ಲಕ್ಷ 25 ಸಾವಿರ ವರ್ಷಗಳ ಹಿಂದೆ, ಎರಡು ಹಿಮಯುಗಗಳ ನಡುವಣ ಬಿಸುಪಿನ ಕಾಲದಲ್ಲಿ, ಕಡಲು ಇಂದಿಗಿಂತ ಸುಮಾರು 20 ಅಡಿ ಎತ್ತರದಲ್ಲಿತ್ತು. ಈಗಿನ ಮಯಾಮಿ ನಗರವೂ ಎವರ್‌ಗ್ಲೇಡ್ಸೂ ಆಗ ನೀರಿನಡಿಯಲ್ಲಿದ್ದವು. ಆ ಕಡಲಿನಲ್ಲಿ ಮೂರು ಬಗೆಯ ಕೆಲಸಗಾರರು ಮೂರು ಕಡೆ ಕೆಲಸ ನಡೆಸಿದರು.

ದಕ್ಷಿಣದ ಅಂಚಿನಲ್ಲಿ ಹವಳದ ಹುಳುಗಳು ದಿಬ್ಬ ಕಟ್ಟಿದವು. ಅದೇ ಇಂದಿನ ‘ಕೀ’ ಎಂಬ ಸಣ್ಣ ದ್ವೀಪಗಳ ಸಾಲಿನ ಮೇಲುಭಾಗ. ಕಳೆದ ಶತಮಾನದ ಆದಿಯಲ್ಲಿ ಫ್ಲಾಗ್ಲರ್ ಎಂಬ ಧನಿಕನು ಕೀ ವೆಸ್ಟ್ ಊರಿಗೆ ಕಡಲ ಮೇಲೆ ರೈಲುಹಾದಿ ಹಾಕಿಸಿದಾಗ ವಿಂಡ್ಲಿ ಕೀ ಎಂಬ ದ್ವೀಪದಲ್ಲಿ ಕಲ್ಲನ್ನು ಕಡಿಸಿದನು. ರೈಲು 1912ರಲ್ಲಿ ಕೀ ವೆಸ್ಟನ್ನು ಮುಟ್ಟಿತು. 1935ರ ಬಿರುಗಾಳಿ ಆ ಹಾದಿಯನ್ನು ಕಿತ್ತೊಗೆಯಿತು. ಕಲ್ಲುಗಣಿ ಮಾತ್ರ ಉಳಿದಿದೆ. ಅಲ್ಲಿ ಆಳೆತ್ತರಕ್ಕೂ ಮೀರಿದ ನುಣುಪಾದ ಗೋಡೆಗಳಲ್ಲಿ ಹವಳದ ಒಂದೊಂದು ಗೂಡೂ ಕೊಯ್ದಿಟ್ಟ ಹಣ್ಣಿನಂತೆ ಸ್ಪಷ್ಟವಾಗಿ ಕಾಣುತ್ತದೆ.

ಪೂರ್ವದ ಅಂಚಿನಲ್ಲಿ ಅಲೆಗಳು ಆಡುವ ಕಡೆ ಬೇರೊಂದು ಬಗೆಯ ಮರಳು ಹುಟ್ಟಿತು. ಚಿಪ್ಪಿನ ಚೂರೊಂದು ಬೆಚ್ಚಗಿನ ನೀರಿನಲ್ಲಿ ಹಿಂದು ಮುಂದೆ ಉರುಳಿದ ಹಾಗೆಲ್ಲ ಅದರ ಮೇಲೆ ಸುಣ್ಣದ ಲೇಪ ಸುತ್ತಿಕೊಳ್ಳುತ್ತ ಬಂದು ರಾಗಿಕಾಳಿನಂತೆ ಗುಂಡಗಾಗುತ್ತದೆ. ಅಂಥ ಕಾಳುಗಳು ಮೀನಿನ ತತ್ತಿಯ ಹಾಗೆ ಕಾಣುವುದರಿಂದ ಆ ಕಲ್ಲಿಗೆ ‘ತತ್ತಿಗಲ್ಲು’ ಎಂಬ ಅರ್ಥದ ಊಲೈಟ್ ಎಂಬ ಹೆಸರು ಬಂದಿದೆ. ಇವು ರಾಶಿ ರಾಶಿಯಾಗಿ ಸೇರಿ ತೀರದುದ್ದಕ್ಕೂ ಒಂದು ದಿಬ್ಬವಾಯಿತು.

ದಿಬ್ಬದ ಹಿಂದೆ ಶಾಂತವಾದ ಹಿನ್ನೀರು. ಅಲ್ಲಿ ಸಮುದ್ರದ ಹುಲ್ಲಿನ ದಂಟುಗಳನ್ನು ಹಬ್ಬಿಕೊಂಡು ಬ್ರಯೋಜೋವ ಎಂಬ ಅತಿ ಸಣ್ಣ ಜೀವಿಗಳು ಗುಂಪುಗುಂಪಾಗಿ ಬೆಳೆದವು. ಕಲ್ಲಿನ ಮೇಲಿನ ಹಾವಸೆಯಂತೆ ಹಬ್ಬುವುದರಿಂದ ಇವನ್ನು ಹಾವಸೆಪ್ರಾಣಿಗಳೆಂದು ಕರೆಯಬಹುದು. ಎವರ್‌ಗ್ಲೇಡ್ಸಿನ ದಕ್ಷಿಣ ಭಾಗದ ತಳದ ಕಲ್ಲಿನಲ್ಲಿ ಬಹುಪಾಲು ಇವುಗಳ ಗೂಡುಗಳೇ. ಎಷ್ಟೋ ಕಾಲ ಪಂಡಿತರು ಈ ಕಲ್ಲನ್ನೂ ಊಲೈಟ್ ಎಂದೇ ಕರೆಯುತ್ತಿದ್ದರು. 1967ರಲ್ಲಿ ಹಾಫ್‌ಮೈಸ್ಟರ್, ಸ್ಟಾಕ್‌ಮನ್, ಮಲ್ಟರ್ ಎಂಬ ಮೂವರು ಅದನ್ನು ಮತ್ತೆ ಪರೀಕ್ಷಿಸಿ ಈ ಅಜ್ಞಾತ ಕೆಲಸಗಾರನಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಿದರು.

ಕಡಲು ಇಳಿದ ಮೇಲೆ ಏನಾಯಿತೆಂದು ನೀವೇ ಊಹಿಸಬಹುದು. ಊಲೈಟಿನ ದಿಬ್ಬ ಗಟ್ಟಿಯಾಗಿ ಪೂರ್ವದ ಕಡೆ ಕೆರೆಯ ಏರಿಯಂತೆ ನಿಂತಿತು. ಹಾವಸೆಪ್ರಾಣಿಗಳ ಹಿನ್ನೀರು ಏರಿಯ ಹಿಂದಿನ ಕೆರೆಯಂಗಳವಾಯಿತು. ಈ ದಿಬ್ಬದ ಎತ್ತರ ಹತ್ತು ಇಪ್ಪತ್ತು ಅಡಿ ಮಾತ್ರ. ಆದರೆ ಮೈಲಿಗೆ ಎರಡಂಗುಲ ಇಳಿಜಾರಿನ ನಾಡಿನಲ್ಲಿ ಹತ್ತು ಅಡಿಯೂ ಒಂದು ಬೆಟ್ಟವೇ. ಮಯಾಮಿ ನಗರ ಮೊದಲು ಕಟ್ಟಿದ್ದೂ ಈ ಏರಿಯ ಮೇಲೆಯೇ. ಹುಲ್ಲಿನ ನದಿಗೆ ಪಾತ್ರೆ ಒದಗಿದ್ದು ಹೀಗೆ.

ಪಾತ್ರೆ ಒದಗಿದರೂ ನೀರು ತುಂಬಲು ಇನ್ನೂ ಕಾಲವಿತ್ತು. ಕೊನೆಯ ಹಿಮಯುಗದಲ್ಲಿ, ಸುಮಾರು 20,000 ವರ್ಷಗಳ ಹಿಂದೆ, ಕಡಲು ಇಂದಿಗಿಂತ 400 ಅಡಿ ಕೆಳಕ್ಕೆ ಇಳಿದಿತ್ತು. ಫ್ಲಾರಿಡಾ ಈಗಿನ ಎರಡರಷ್ಟು ಅಗಲವಾಗಿತ್ತು. ಎವರ್‌ಗ್ಲೇಡ್ಸ್ ಒಣ ಬಯಲಾಗಿತ್ತು. ಸುಣ್ಣಕಲ್ಲಿನ ಬಾವಿಗಳ ಅಡಿಯಲ್ಲಿ ಮಾತ್ರ ನೀರಿತ್ತು. ನೀರನ್ನು ಅರಸಿ ಪ್ರಾಣಿಗಳು ಬಂದವು. ಅವುಗಳ ಬೆನ್ನು ಹತ್ತಿ ಬೇಟೆಯ ಮೃಗಗಳು ಬಂದವು. ಮಯಾಮಿಯ ದಕ್ಷಿಣಕ್ಕೆ ಕಟ್ಲರ್ ಎಂಬಲ್ಲಿ ಅಂಥ ಒಂದು ಹಳೆಯ ಗುಂಡಿ 1979ರಲ್ಲಿ ಬೆಳಕಿಗೆ ಬಂದಿತು. 1985ರಲ್ಲಿ ಶಾಸ್ತ್ರೋಕ್ತವಾದ ಉತ್ಖನನ ಆರಂಭವಾಯಿತು. ಮಹಾಗಜ, ಕುದುರೆ, ಲಾಮಾ, ಜಾಗ್ವಾರ್, ಈಗ ಅಳಿದುಹೋಗಿರುವ ಭಾರಿ ತೋಳ, ಇವುಗಳ ಮೂಳೆಗಳು ಅಲ್ಲಿ ದೊರೆತವು. ಸುಮಾರು 10,000 ವರ್ಷ ಹಿಂದಿನ ಮನುಷ್ಯರ ಅವಶೇಷಗಳೂ ಅಲ್ಲಿಯೇ ದೊರೆತವು.

ಮನುಷ್ಯನ ವಿಚಾರದಲ್ಲಿ ಇನ್ನೊಂದು ಸಂಗತಿಯನ್ನು ಹೇಳಬೇಕು. ಎವರ್‌ಗ್ಲೇಡ್ಸಿನ ಉತ್ತರಕ್ಕೆ, ಪೂರ್ವ ತೀರದ ವೀರೋ ಎಂಬ ಊರಿನಲ್ಲಿ ಜೌಗನ್ನು ಬತ್ತಿಸಲು ಕಾಲುವೆ ತೋಡುತ್ತಿದ್ದಾಗ 1915–16ರಲ್ಲಿ ಮನುಷ್ಯನ ಮೂಳೆಗಳು ಅಳಿದ ಪ್ರಾಣಿಗಳ ಮೂಳೆಗಳ ಜೊತೆಯಲ್ಲಿ ಸಿಕ್ಕವು. ರಾಜ್ಯದ ಭೂವಿಜ್ಞಾನಿ ಸೆಲ್ಲರ್ಡ್ಸ್ ಇವೆರಡೂ ಒಂದೇ ಕಾಲದವೆಂದನು. ಆಗಿನ ಪ್ರಬಲ ಮಾನವಶಾಸ್ತ್ರಜ್ಞ ಹರ್ಡ್ಲಿಚ್ಕನು ಒಪ್ಪಲಿಲ್ಲ. ಈಚಿನವರು ಹೂತ ಹೆಣವದು ಎಂದನು. ವಿವಾದ ಸುಮಾರು ನೂರು ವರ್ಷ ನಡೆಯಿತು. ಮೂಳೆ ಮಣ್ಣಿನಲ್ಲಿರುವಾಗ ವಿರಳ ಭಸ್ಮಧಾತುಗಳನ್ನು ಹೀರಿಕೊಳ್ಳುತ್ತದೆ. ಒಂದೇ ಕಾಲದಲ್ಲಿ ಒಂದೇ ಮಣ್ಣಿನಲ್ಲಿ ಹೂತ ಮೂಳೆಗಳಲ್ಲಿ ಅವುಗಳ ಪ್ರಮಾಣ ಒಂದೇ ಬಗೆಯಾಗಿರುತ್ತದೆ. 2012ರಲ್ಲಿ ಪ್ರಕಟವಾದ ಇಂಥ ಪರೀಕ್ಷೆ ಸೆಲ್ಲರ್ಡ್ಸನ ಪಕ್ಷಕ್ಕೆ ಬಲ ಕೊಟ್ಟಿತು. ಆಗ ಅವನು ಬದುಕಿರಲಿಲ್ಲ.

ಹಿಮ ಕರಗಿ ಕಡಲು ಮತ್ತೆ ಮೇಲೇರತೊಡಗಿತು. ಕಡಲು ಏರಿದ ಹಾಗೆ ಸಿಹಿನೀರಿಗೆ ಹೊರಹರಿವು ನಿಧಾನವಾಯಿತು, ಮಳೆಯೂ ಹೆಚ್ಚಿತು, ಏರಿಯ ಹಿಂದೆ ನೀರು ನಿಂತಿತು. ಇದು ಸುಮಾರು 5,000 ವರ್ಷಗಳ ಹಿಂದಿನ ಮಾತು. ಸಿಂಧೂ ಕಣಿವೆಯ ಜನ ಇಟ್ಟಿಗೆಯ ಪಟ್ಟಣಗಳನ್ನು ಕಟ್ಟುವ ಮುನ್ನ ಈ ಪ್ರಾಚೀನವೆಂದು ತೋರುವ ಜೌಗು ಇನ್ನೂ ಆಗತಾನೇ ಹುಟ್ಟುತ್ತಿತ್ತು. ನೀರಿನಲ್ಲಿ ಹುಲ್ಲು ಬೆಳೆಯಿತು, ಸತ್ತಿತು, ಮುಳುಗಿತು. ನಿಂತ ನೀರಿನಡಿಯಲ್ಲಿ ಗಾಳಿಯಿಲ್ಲದ್ದರಿಂದ ಅದು ಪೂರ್ತಿ ಕೊಳೆಯದೆ ಕಪ್ಪು ಮಣ್ಣಾಗಿ ಪದರಗಟ್ಟಿತು. ಇದಕ್ಕೆ ಪೀಟ್ ಎಂದು ಹೆಸರು. ಓಕಿಚೋಬಿಯ ದಕ್ಷಿಣಕ್ಕೆ ಅದರ ದಪ್ಪ ಹತ್ತು ಹನ್ನೆರಡು ಅಡಿಯಾಯಿತು. ಐದು ಸಾವಿರ ವರ್ಷಕ್ಕೆ ಹನ್ನೆರಡು ಅಡಿಯೆಂದರೆ ಒಂದು ಅಡಿಗೆ ನಾನೂರು ವರ್ಷದ ಮೇಲಾಯಿತು. ಈ ಲೆಕ್ಕವನ್ನು ದಯವಿಟ್ಟು ನೆನಪಿನಲ್ಲಿಡಿ.

1881ರಲ್ಲಿ ಹ್ಯಾಮಿಲ್ಟನ್ ಡಿಸ್ಟನ್ ಎಂಬ ಉದ್ಯಮಿ ಫ್ಲಾರಿಡಾದ 40 ಲಕ್ಷ ಎಕರೆಯನ್ನು ಎಕರೆಗೆ 25 ಸೆಂಟಿನಂತೆ, ಎಂದರೆ 10 ಲಕ್ಷ ಡಾಲರಿಗೆ ಕೊಂಡು ಕಾಲುವೆಗಳನ್ನು ತೋಡಿಸಿದನು. 1905ರಲ್ಲಿ ರಾಜ್ಯಪಾಲನಾದ ನೆಪೋಲಿಯನ್ ಬೊನಪಾರ್ಟ್ ಬ್ರೋವರ್ಡನು ಎವರ್‌ಗ್ಲೇಡ್ಸನ್ನು ಬತ್ತಿಸುವುದನ್ನೇ ವ್ರತವಾಗಿ ಹಿಡಿದನು. ಸರೋವರದಿಂದ ಕಡಲಿಗೆ ದೊಡ್ಡ ಕಾಲುವೆಗಳು ಹೊರಟವು. ನೀರಿಳಿದ ಕಪ್ಪು ಮಣ್ಣಿನಲ್ಲಿ ತರಕಾರಿ, ಕಬ್ಬು ಹುಲುಸಾಗಿ ಬೆಳೆದವು. ಇದನ್ನು ಸುಮ್ಮನೆ ದುರಾಶೆ ಎಂದು ಜರೆಯುವುದು ನ್ಯಾಯವಲ್ಲ. ಹಸಿದವರಿಗೆ ಅನ್ನ, ನೆಲವಿಲ್ಲದವರಿಗೆ ನೆಲ ದೊರಕಿಸುವ ಹಂಬಲವೂ ಅದರಲ್ಲಿ ಇತ್ತು. ಆದರೆ ನೀರು ತನ್ನ ಜಾಗವನ್ನು ಮರೆಯಲಿಲ್ಲ. 1928ರ ಸೆಪ್ಟೆಂಬರಿನ ಬಿರುಗಾಳಿಯಲ್ಲಿ ಓಕಿಚೋಬಿಯ ಮಣ್ಣಿನ ಕಟ್ಟೆ ಒಡೆದು ಕನಿಷ್ಠ 2,500 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಕಪ್ಪು ಜನ. ಆ ಮೇಲೆ ಸರೋವರದ ಸುತ್ತ ದೊಡ್ಡ ಕಟ್ಟೆ ಎದ್ದಿತು. ಆಗ ಸರೋವರ ತುಂಬಿ ದಕ್ಷಿಣಕ್ಕೆ ಹರಿಯುವುದೂ ನಿಂತಿತು.

1924ರಲ್ಲಿ, ಬೆಲ್ ಗ್ಲೇಡ್ ಎಂಬ ಊರಿನ ಕೃಷಿ ಪ್ರಯೋಗ ಕ್ಷೇತ್ರದಲ್ಲಿ, ಒಂದು ಕೆಲಸ ಮಾಡಿದರು. ಒಂಬತ್ತು ಅಡಿ ಉದ್ದದ ಒಂದು ಕಾಂಕ್ರೀಟ್ ಕಂಬವನ್ನು ಕಪ್ಪು ಮಣ್ಣಿನೊಳಗೆ ಕೆಳಗಿನ ಸುಣ್ಣಕಲ್ಲು ತಾಗುವವರೆಗೆ ಇಳಿಸಿದರು. ಕಂಬದ ತಲೆ ನೆಲದ ಸಮಕ್ಕೆ ಸರಿಯಾಗಿತ್ತು. ಕಂಬ ಕಲ್ಲಿನ ಮೇಲೆ ನಿಂತಿರುವುದರಿಂದ ಅದು ಏರುವಂತಿಲ್ಲ, ಇಳಿಯುವಂತಿಲ್ಲ. ಇಂದು ಆ ಕಂಬ ಆರಡಿಗೂ ಹೆಚ್ಚು ಮೇಲೆ ಕಾಣುತ್ತದೆ. ಕಂಬ ಬೆಳೆದಿಲ್ಲ, ನೆಲ ಇಳಿದಿದೆ. ನೀರು ಬತ್ತಿದ ಮೇಲೆ ಪೀಟಿಗೆ ಗಾಳಿ ತಾಗಿತು. ಸೂಕ್ಷ್ಮಜೀವಿಗಳು ಅದನ್ನು ತಿಂದವು. ಕೆಲವೆಡೆ ಬೆಂಕಿಯೂ ಬಿದ್ದಿತು. ಮೊದಲ ದಶಕಗಳಲ್ಲಿ ವರ್ಷಕ್ಕೆ ಸುಮಾರು ಒಂದು ಅಂಗುಲದಂತೆ ಮಣ್ಣು ಗಾಳಿಯಲ್ಲಿ ಗಾಳಿಯಾಗಿ ಹೋಯಿತು. ಒಂದು ಅಡಿಗೆ ಹನ್ನೆರಡು ವರ್ಷ. ಕಟ್ಟಲು ನಾನೂರು, ಕಳೆಯಲು ಹನ್ನೆರಡು. ನಮ್ಮ ಹಳ್ಳಿಯವರು ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಾಗಿಲ್ಲ.

ಈಗ ಎವರ್‌ಗ್ಲೇಡ್ಸಿನ ಅರ್ಧದಷ್ಟು ಮಾತ್ರ ಉಳಿದಿದೆ. ಉಳಿದದ್ದನ್ನು ಕಾಪಾಡಿ, ನೀರನ್ನು ಮತ್ತೆ ಹಳೆಯ ದಾರಿಗೆ ತರಲು 2000ದಲ್ಲಿ ಆ ದೇಶದ ಸಂಸತ್ತು ಒಂದು ದೊಡ್ಡ ಯೋಜನೆಯನ್ನು ಒಪ್ಪಿತು. 1928ರಲ್ಲಿ ತೆರೆದ ಟಾಮಿಯಾಮಿ ಹೆದ್ದಾರಿ ಹುಲ್ಲಿನ ನದಿಗೆ ಅಡ್ಡಲಾಗಿ ಒಡ್ಡಿನಂತೆ ಮಲಗಿತ್ತು. ಅದರ ಒಂದು ಮೈಲಿ ಉದ್ದವನ್ನು ಎತ್ತಿ 2013ರಲ್ಲಿ ಸೇತುವೆ ಮಾಡಿ ಅಡಿಯಲ್ಲಿ ನೀರಿಗೆ ದಾರಿ ಬಿಟ್ಟರು. ಅನಂತರ ಇನ್ನಷ್ಟು ಸೇತುವೆಗಳಾಗಿವೆ.

ಇದು ಕೊಕ್ಕರೆ, ಮೊಸಳೆಗಳ ಹಿತಕ್ಕಾಗಿ ಮಾತ್ರ ಮಾಡುತ್ತಿರುವ ಕೆಲಸವೆಂದು ತಿಳಿಯಬಾರದು. ಮಯಾಮಿ ಪ್ರಾಂತದ ಲಕ್ಷಾಂತರ ಜನ ಕುಡಿಯುವ ನೀರು ಆ ಸುಣ್ಣಕಲ್ಲಿನ ಒಳಗೇ ಇದೆ. ಆ ಕಲ್ಲು ಅಷ್ಟೊಂದು ನೀರನ್ನು ಹೇಗೆ ಹಿಡಿಯುತ್ತದೆಂದು 2009ರಲ್ಲಿ ಪ್ರಕಟವಾದ ಒಂದು ಸಂಶೋಧನೆ ತೋರಿಸಿತು. ಲಕ್ಷಾಂತರ ವರ್ಷಗಳ ಹಿಂದೆ ಆ ಕಡಲಿನ ತಳದಲ್ಲಿ ಸಿಗಡಿಯ ಜಾತಿಯ ಜೀವಿಗಳು ಕೊರೆದ ಬಿಲಗಳೇ ಇಂದು ಕಲ್ಲಿನೊಳಗಿನ ನೀರಿನ ನಾಳಗಳಾಗಿವೆ. ಸಿಗಡಿಯ ಮೈ ಉಳಿಯಲಿಲ್ಲ, ಮನೆ ಉಳಿಯಿತು. ಅದೂ ಒಂದು ಪಳೆಯುಳಿಕೆಯೇ. ಮೇಲೆ ಸಿಹಿನೀರಿನ ಭಾರವಿದ್ದರೆ ಕಡಲಿನ ಉಪ್ಪುನೀರು ಈ ನಾಳಗಳಿಗೆ ನುಗ್ಗುವುದಿಲ್ಲ. ಸಿಹಿನೀರನ್ನು ಬತ್ತಿಸಿದರೆ ಉಪ್ಪು ಒಳಕ್ಕೆ ಬರುತ್ತದೆ. ಕಡಲು ಮತ್ತೆ ಏರುತ್ತಲೂ ಇದೆ. ಕೀ ವೆಸ್ಟಿನಲ್ಲಿ 1913ರಿಂದ ಅಳೆಯುತ್ತಿದ್ದಾರೆ. ಅಂದಿನಿಂದ ಇಂದಿಗೆ ಒಂದು ಗೇಣಿಗೂ ಹೆಚ್ಚು ಏರಿದೆ. ಕಲ್ಲೇ ಜಾಲರಿಯಾಗಿರುವಾಗ ತೀರದಲ್ಲಿ ಗೋಡೆ ಕಟ್ಟಿ ಕಡಲನ್ನು ತಡೆಯುವಂತಿಲ್ಲ. ನೀರು ಗೋಡೆಯ ಅಡಿಯಿಂದ ಬರುತ್ತದೆ. ಉಳಿದಿರುವ ರಕ್ಷಣೆ ಎಂದರೆ ಹುಲ್ಲಿನ ನದಿಯಲ್ಲಿ ಸಿಹಿನೀರನ್ನು ತುಂಬಿಡುವುದು.

ಮೊದಲಲ್ಲಿ ‘ೞ’ ಎಂಬ ಅಕ್ಷರದ ಮಾತನ್ನು ಹೇಳಿದೆ. 13ನೆಯ ಶತಮಾನದ ಕೇಶಿರಾಜನು ತನ್ನ ವ್ಯಾಕರಣದಲ್ಲಿ ಈ ಅಕ್ಷರವಿರುವ ಪದಗಳ ಪಟ್ಟಿಯನ್ನೇ ಕೊಟ್ಟಿದ್ದಾನೆ. ಜನರ ನಾಲಗೆಯಲ್ಲಿ ಆ ಧ್ವನಿ ಸಹಜವಾಗಿ ನಿಂತಿದ್ದರೆ ಪಟ್ಟಿ ಮಾಡುವ ಶ್ರಮ ಬೇಕಾಗುತ್ತಿರಲಿಲ್ಲ. ಅವನ ಪಟ್ಟಿ ನಮ್ಮ ಕೈಯಲ್ಲಿದೆ. ಧ್ವನಿ ಮಾತ್ರ ಕನ್ನಡಿಗರ ಬಾಯಿಗೆ ಮತ್ತೆ ಬರಲಿಲ್ಲ. ತರಗತಿಯಲ್ಲಿ ಆ ಪಟ್ಟಿಯನ್ನು ಓದಿಸುವಾಗಲೆಲ್ಲ ನನಗೆ ಹೀಗೆನಿಸುತ್ತದೆ: ಲೆಕ್ಕ ಇಟ್ಟವನು ದೊಡ್ಡ ಉಪಕಾರ ಮಾಡಿದ, ಆದರೆ ಲೆಕ್ಕ ಇಟ್ಟ ಮಾತ್ರಕ್ಕೆ ವಸ್ತು ಉಳಿಯುವುದಿಲ್ಲ. ಬೆಲ್ ಗ್ಲೇಡಿನ ಆ ಕಂಬವೂ ಅಂಥ ಒಂದು ಪಟ್ಟಿ. ಅದನ್ನು ನೆಟ್ಟವರು ನೂರು ವರ್ಷದ ನಷ್ಟವನ್ನು ನಮಗೆ ಕಣ್ಣಿಗೆ ಕಾಣುವಂತೆ ಬರೆದಿಟ್ಟಿದ್ದಾರೆ. ಕೆಳಗೆ ಇನ್ನೂ ಎರಡು ಮೂರು ಅಡಿಯ ಮಣ್ಣಿದೆ. ಅದನ್ನು ನೀರಿನಡಿಯಲ್ಲಿ ಇಡುವುದೋ ಗಾಳಿಗೆ ಬಿಡುವುದೋ ಎಂಬುದು ಈಗ ಅಲ್ಲಿಯ ಜನರ ಮುಂದಿರುವ ಪ್ರಶ್ನೆ. ಊರಿನ ಕೆರೆಯ ಏರಿಯನ್ನು ಕಂಡು ಬೆಳೆದ ನಮಗೆ ಆ ಪ್ರಶ್ನೆ ಅಷ್ಟೇನೂ ದೂರದ್ದಾಗಿ ಕಾಣಲಾರದು.